ಆಳಗಡಲ ಸೌತೆ: ಗಣಿಗೆ ಅವಸರ, ಗುರುತು ಹಿಡಿಯಲು ಜನ ಇಲ್ಲ

ಶಿವಮೊಗ್ಗದ ಕಡೆ ಪ್ರಾಣಿಶಾಸ್ತ್ರ ತಗೊಂಡು ಬಿ.ಎಸ್ಸಿ. ಓದಿದವರಿಗೆ ಕಡಲ ಸೌತೆ (ಸೀ ಕುಕುಂಬರ್ ಅನ್ನುವ ಮೆತ್ತನೆ ಸಮುದ್ರ ಪ್ರಾಣಿ) ಅಂದರೆ ಒಂದು ಸ್ಪಾಟರ್. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮೇಜಿನ ಮೇಲೆ ಒಂದು ಬಾಟಲಿ ಇಟ್ಟಿರುತ್ತಾರೆ. ಒಳಗೆ ಹಳದಿಗಟ್ಟಿದ ಫಾರ್ಮಲಿನ್, ಅದರಲ್ಲಿ ಮುದುಡಿಕೊಂಡ ಕಂದು ಬಣ್ಣದ ಏನೋ ಒಂದು. 'ಹೊಲೊಥೂರಿಯಾ, ಎಕೈನೊಡರ್ಮೇಟ ವಂಶ' ಅಂತ ಬರೆದು, ಒಂದು ಚಿತ್ರ ಬಿಡಿಸಿ, ಎರಡು ಲಕ್ಷಣ ಹೇಳಿದರೆ ಅಂಕ ಬಂತು. ಅದು ಯಾವ ಪ್ರಭೇದ ಅಂತ ಯಾರೂ ಕೇಳುವುದಿಲ್ಲ. ಎಷ್ಟೋ ಬಾಟಲಿಗಳ ಲೇಬಲ್ಲಿನಲ್ಲೂ ಅದು ಇರುವುದಿಲ್ಲ.

ಯಾರೂ ಕೇಳದ ಆ ಪ್ರಶ್ನೆಗೆ ಈಗ ಬೆಲೆ ಬಂದಿದೆ. ಕಾರಣ ಆಳಗಡಲ ಗಣಿಗಾರಿಕೆ.

ಸಮುದ್ರದ ನಾಲ್ಕೈದು ಕಿಲೋಮೀಟರ್ ಆಳದಲ್ಲಿ, ಸೂರ್ಯನ ಬೆಳಕೇ ಮುಟ್ಟದ ಕೆಸರಿನ ಬಯಲಿದೆ. ಅದರ ಮೇಲೆ ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಕಪ್ಪು ಗಂಟುಗಳು ಬಿದ್ದಿವೆ. ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಎಲ್ಲ ಅದರಲ್ಲಿದೆ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಗಂಟುಗಳಿವು. ಮಧ್ಯ ಹಿಂದೂ ಮಹಾಸಾಗರದ 75,000 ಚದರ ಕಿಲೋಮೀಟರ್ ಜಾಗದಲ್ಲಿ ಇವುಗಳ ಶೋಧನೆಗೆ ಭಾರತಕ್ಕೆ ಹಕ್ಕಿದೆ. ನಮ್ಮ ಜಿಲ್ಲೆಯಂಥ ಎಂಟೊಂಬತ್ತು ಜಿಲ್ಲೆ ಹಿಡಿಸುವ ಜಾಗ ಅದು. ಯಾವ ದೇಶಕ್ಕೂ ಸೇರದ ಸಾಗರತಳವನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದ ಜೊತೆ ಒಪ್ಪಂದ ಆಗಿದ್ದು 2002ರಲ್ಲಿ. ಅಲ್ಲಿ ಸುಮಾರು 38 ಕೋಟಿ ಟನ್ ಗಂಟುಗಳಿವೆ ಅನ್ನುವುದು ಸರ್ಕಾರದ ಅಂದಾಜು.

2021ರಲ್ಲಿ ಕೇಂದ್ರ ಸಂಪುಟ 4,077 ಕೋಟಿ ರೂಪಾಯಿಯ ಆಳಸಾಗರ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಅದೇ ವರ್ಷ ತನ್ನ ಗಣಿ ಯಂತ್ರವನ್ನು 5,270 ಮೀಟರ್ ಆಳದಲ್ಲಿ ಓಡಿಸಿ ನೋಡಿತು. ಯಂತ್ರದ ಹೆಸರು 'ವರಾಹ'. ಮೂವರನ್ನು ಕೂರಿಸಿಕೊಂಡು 6,000 ಮೀಟರ್ ಇಳಿಯಬೇಕಾದ 'ಮತ್ಸ್ಯ 6000' ಕೂಡ ಅಲ್ಲೇ ತಯಾರಾಗುತ್ತಿದೆ. ಹೊರಗಡೆಯೂ ಇದೇ ಅವಸರ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರು ಆಳಗಡಲ ಗಣಿಗಾರಿಕೆಗೆ ವೇಗ ಕೊಡುವ ಆದೇಶಕ್ಕೆ ಸಹಿ ಹಾಕಿದರು. ಪ್ರಾಧಿಕಾರದ ಗಣಿ ನಿಯಮಾವಳಿ ಮಾತ್ರ ಆ ವರ್ಷದ ಜುಲೈ ಸಭೆಯಲ್ಲೂ ಅಂತಿಮವಾಗಲಿಲ್ಲ. ಮೂವತ್ತಕ್ಕೂ ಹೆಚ್ಚು ದೇಶಗಳು 'ಸದ್ಯಕ್ಕೆ ಬೇಡ, ತಡೆಯಿರಿ' ಅನ್ನುತ್ತಿವೆ.

ಮಲೆನಾಡಿನಲ್ಲಿ ಕೂತವರಿಗೆ ಇದೆಲ್ಲ ಯಾಕೆ ಅನ್ನಬಹುದು. ಮ್ಯಾಂಗನೀಸ್ ನಮಗೆ ಹೊಸದೇನಲ್ಲ. ಕುಂಸಿ ಕಡೆ ಒಂದು ಕಾಲದಲ್ಲಿ ಅದರದ್ದೇ ಗಣಿಗಳಿದ್ದವು. ಗಣಿ ಬಂದ ಮೇಲೆ ಹೊಳೆಗೆ ಏನಾಗುತ್ತದೆ ಅನ್ನುವುದೂ ಗೊತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗಂಟು ತೆಗೆಯುವ ಮೊದಲು ಅಲ್ಲಿ ಯಾವ ಯಾವ ಜೀವಿ ಇದೆ ಅಂತ ಒಂದು ಪಟ್ಟಿ ಆಗಬೇಕು. ಗುತ್ತಿಗೆ ಪಡೆದವರು ಈ ಪರಿಸರ ಮಾಹಿತಿಯನ್ನು ಪ್ರಾಧಿಕಾರಕ್ಕೆ ಕೊಡಬೇಕು ಅನ್ನುವುದು ನಿಯಮ. ಪಟ್ಟಿ ಎಷ್ಟು ಅರ್ಧಂಬರ್ಧ ಅಂದರೆ, ಪೆಸಿಫಿಕ್‌ನ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯದ ಲೆಕ್ಕ ನೋಡಿ. ಗಣಿ ಕಂಪನಿಗಳ ಕಣ್ಣು ಹೆಚ್ಚು ಬಿದ್ದಿರುವುದು ಅಲ್ಲೇ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಲ್ಲಿ ಅದುವರೆಗೆ ಸಿಕ್ಕ ಪ್ರಾಣಿಗಳನ್ನೆಲ್ಲ ಒಟ್ಟು ಹಾಕಿತು. 5,578 ಪ್ರಭೇದ. ಅದರಲ್ಲಿ ಹೆಸರಿದ್ದದ್ದು 436ಕ್ಕೆ. ಉಳಿದವು 'ಪ್ರಭೇದ ಎ', 'ಪ್ರಭೇದ ಬಿ' ಅಂತ ಬರೀ ನಂಬರಿನಲ್ಲಿ ಕೂತಿವೆ.

ಈ ಬಯಲಿನಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡದಾದ, ನಿಧಾನಕ್ಕೆ ಓಡಾಡುವ ಪ್ರಾಣಿಗಳಲ್ಲಿ ಕಡಲ ಸೌತೆಗಳದ್ದೇ ಮೇಲುಗೈ. ನಕ್ಷತ್ರ ಮೀನಿನ ಸಂಬಂಧಿಕರು ಇವು. ಕೆಸರಿನ ಮೇಲ್ಪದರ ತಿನ್ನುತ್ತಾ, ಮೇಲಿನಿಂದ ಉದುರಿ ಬಿದ್ದ ಸತ್ತ ಪಾಚಿ, ಹಿಕ್ಕೆ, ಚೂರುಪಾರು ಜೀರ್ಣಿಸಿಕೊಂಡು ಬದುಕುತ್ತವೆ. 1951ರಲ್ಲಿ ಡೆನ್ಮಾರ್ಕಿನ 'ಗಲಾಥಿಯಾ' ಹಡಗು ಫಿಲಿಪ್ಪೀನ್ಸ್ ಕಂದಕದಲ್ಲಿ 10,190 ಮೀಟರ್ ಆಳಕ್ಕೆ ಬಲೆ ಬಿಟ್ಟಾಗ ಮೇಲೆ ಬಂದ ಪ್ರಾಣಿಗಳಲ್ಲಿ ಕಡಲ ಸೌತೆಯೂ ಇತ್ತು.

ಇವುಗಳ ಪಾತ್ರ ಎಷ್ಟು ದೊಡ್ಡದು ಅಂತ ನೋಡಲು ಒಂದೇ ಪ್ರಾಣಿ ಸಾಕು. ಸ್ಕೋಟೋಪ್ಲೇನ್ಸ್ ಅಂತ ಒಂದಿದೆ. ದಪ್ಪ ಕಾಲುಗಳ ಮೇಲೆ ನಡೆಯುವ ಇದನ್ನು ಸೀ ಪಿಗ್ ಅಂತ ಕರೆಯುತ್ತಾರೆ. ಕ್ಯಾಲಿಫೋರ್ನಿಯಾದ ಸಂಶೋಧಕರು ಸಾಗರತಳದ ವಿಡಿಯೋಗಳಲ್ಲಿ ಸುಮಾರು 2,600 ಸೀ ಪಿಗ್‌ಗಳನ್ನು ನೋಡಿದರು. ಐದಕ್ಕೊಂದಕ್ಕಿಂತ ಜಾಸ್ತಿ ಪ್ರಾಣಿಗಳ ಮೈಗೆ ಪುಟ್ಟ ಏಡಿ ಮರಿ ಅಂಟಿಕೊಂಡಿತ್ತು. ಬಚ್ಚಿಟ್ಟುಕೊಳ್ಳಲು ಬೇರೇನೂ ಇಲ್ಲದ ಬೋಳು ಬಯಲಿನಲ್ಲಿ ಕಿಂಗ್ ಕ್ರ್ಯಾಬ್ ಮರಿಗಳಿಗೆ ಇದೇ ಆಸರೆ. ಈ ಲೆಕ್ಕವನ್ನು ವಿಡಿಯೋ ನೋಡಿಯೇ ಹಾಕಿದ್ದು. ಎಷ್ಟಿವೆ, ಎಲ್ಲಿವೆ, ಯಾರ ಜೊತೆ ಇವೆ ಅಂತ ತಿಳಿಯಲು ವಿಡಿಯೋಗಿಂತ ಒಳ್ಳೆಯ ದಾರಿ ಇಲ್ಲ.

ಹಾಗಾದರೆ ಫೋಟೋ ನೋಡಿಯೇ ಹೆಸರೂ ಹೇಳಿಬಿಡಬಹುದಲ್ವಾ? ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ. ಕೆಲವು ವರದಿಗಳೂ ಹಾಗೇ ನಡೆದುಕೊಳ್ಳುತ್ತವೆ. ತೊಂದರೆ ಶುರುವಾಗುವುದೇ ಇಲ್ಲಿ.

ಸೈಕ್ರೋಪೋಟಿಸ್ ಲಾಂಗಿಕೌಡದ ವಿಷಯ ತಗೊಳ್ಳಿ. ಬೆನ್ನ ಹಿಂದೆ ಬಾಲದಂಥ ದೊಡ್ಡ ಹಾಯಿ ಎತ್ತಿಕೊಂಡು ಓಡಾಡುವ ಪ್ರಾಣಿ. ಒಮ್ಮೆ ನೋಡಿದರೆ ಮರೆಯುವುದಿಲ್ಲ. 1872ರಿಂದ 1876ರವರೆಗೆ ಭೂಮಿ ಸುತ್ತಿದ ಬ್ರಿಟನ್ನಿನ 'ಚಾಲೆಂಜರ್' ಹಡಗು ತಂದ ಮಾದರಿಗಳನ್ನು ನೋಡಿ ಸ್ವೀಡನ್ನಿನ ಯಾಲ್ಮರ್ ಥೀಲ್ 1882ರಲ್ಲಿ ಇದಕ್ಕೆ ಹೆಸರಿಟ್ಟರು. ಅಟ್ಲಾಂಟಿಕ್, ಪೆಸಿಫಿಕ್, ಹಿಂದೂ ಮಹಾಸಾಗರ ಎಲ್ಲೆಡೆಯೂ ಇಂಥದ್ದೇ ಸಿಕ್ಕಿತು. ಆದ್ದರಿಂದ ಇದು ಲೋಕವೆಲ್ಲ ಹರಡಿದ ಒಂದೇ ಪ್ರಭೇದ ಅಂತ ನೂರು ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದರು. 2017ರಲ್ಲಿ ಡಿಎನ್‌ಎ ನೋಡಿದಾಗ ಒಂದೇ ಹೆಸರಿನ ಕೆಳಗೆ ಹಲವು ಬೇರೆ ಬೇರೆ ಕವಲುಗಳಿರುವುದು ಕಂಡಿತು. ಇದರ ಅರ್ಥ ಏನೆಂದು ಗಣಿ ಫೈಲಿನ ಕಡೆಯಿಂದ ನೋಡಿ. 'ಈ ಪ್ರಾಣಿ ಎಲ್ಲ ಸಾಗರದಲ್ಲೂ ಇದೆ, ಇಲ್ಲಿ ಸ್ವಲ್ಪ ಸತ್ತರೆ ಪರವಾಗಿಲ್ಲ' ಅನ್ನುವ ವಾದಕ್ಕೆ ಆಧಾರವೇ ಉಳಿಯುವುದಿಲ್ಲ. ಒಂದು ಅಂತ ಎಣಿಸಿದ್ದು ನಾಲ್ಕಾದರೆ, ಆ ನಾಲ್ಕರಲ್ಲಿ ಒಂದು ಬರೀ ಗಣಿ ಪ್ರದೇಶದಲ್ಲಷ್ಟೇ ಇರಬಹುದು.

ಫೋಟೋ ನೋಡಿ ಗುರುತಿಸುವವರು ಪ್ರಾಮಾಣಿಕವಾಗಿದ್ದರೆ ಈ ಅನುಮಾನವನ್ನು ಹೆಸರಿನಲ್ಲೇ ಬರೆಯುತ್ತಾರೆ. ಕುಲದ ಹೆಸರು ಬರೆದು, ಮುಂದೆ 'ಪ್ರಭೇದ ತಿಳಿದಿಲ್ಲ' ಅನ್ನುವ ಸಂಕೇತ. ಅಥವಾ 'ಇದರ ಹಾಗೆ ಕಾಣುತ್ತದೆ, ಹೋಲಿಸಿ ನೋಡಬೇಕು' ಅನ್ನುವ ಸಂಕೇತ. ಚಿತ್ರ ನೋಡಿ ಗುರುತಿಸುವಾಗ ಯಾವ ಸಂಕೇತ ಎಲ್ಲಿ ಬಳಸಬೇಕು ಅಂತ 2021ರಲ್ಲಿ ಒಂದು ಅಂತರರಾಷ್ಟ್ರೀಯ ತಂಡ ಶಿಫಾರಸನ್ನೂ ಪ್ರಕಟಿಸಿದೆ. ಒಳ್ಳೆಯ ಕೆಲಸ. ಆದರೆ ವಿಜ್ಞಾನಿ ಇಟ್ಟ ಈ ಪುಟ್ಟ ಸಂಕೇತ ಅಧಿಕಾರಿಯ ಸಾರಾಂಶ ಪತ್ರ ತಲುಪುವಷ್ಟರಲ್ಲಿ ಮಾಯವಾದರೆ, ಅನುಮಾನವೇ ಖಚಿತ ಮಾಹಿತಿಯಾಗಿ ಕೂರುತ್ತದೆ.

ಖಚಿತವಾಗಿ ಹೇಳಬೇಕಾದರೆ ಪ್ರಾಣಿ ಕೈಯಲ್ಲಿರಬೇಕು. ಅಷ್ಟೇ ಸಾಲದು, ಅದರ ಚರ್ಮ ಮೈಕ್ರೋಸ್ಕೋಪಿನ ಕೆಳಗೆ ಬರಬೇಕು.

ಕಡಲ ಸೌತೆಗೆ ನಕ್ಷತ್ರ ಮೀನಿನಂಥ ಗಟ್ಟಿ ಕವಚ ಇಲ್ಲ. ಇರುವುದು ಚರ್ಮದೊಳಗೆ ಚದುರಿಕೊಂಡ ಸುಣ್ಣದ ಸಣ್ಣ ಕಣಗಳು. ಆಸಿಕಲ್ ಅನ್ನುತ್ತಾರೆ. ಬಹುಪಾಲು ಬರಿಗಣ್ಣಿಗೆ ಕಾಣುವುದಿಲ್ಲ. ಗುರುತೆಲ್ಲ ಇದರಲ್ಲೇ ಅಡಗಿದೆ. ಲೇಟ್ಮೊಗೋನ್ ಗುಂಪಿನಲ್ಲಿ ಚಕ್ರದ ಆಕಾರ. ಸೈಕ್ರೋಪೋಟಿಸ್‌ನಲ್ಲಿ ನಡುವೆ ಮುಳ್ಳೆದ್ದ ಶಿಲುಬೆ. ಸೀ ಪಿಗ್ ಇರುವ ಎಲ್ಪಿಡಿಡೇ ಕುಟುಂಬದಲ್ಲಿ ಕೈಚಾಚಿದ ಕಡ್ಡಿಗಳು. ದಡದ ಸಿನಾಪ್ಟ ಗುಂಪಿನಲ್ಲಂತೂ ಪಕ್ಕಾ ಹಡಗಿನ ಲಂಗರು. ನೀರಿನಲ್ಲೇ ಈಜಿಕೊಂಡು ಜೀವನ ಕಳೆಯುವ ಪೆಲಾಗೋಥೂರಿಯಾದಲ್ಲಿ ಈ ಕಣಗಳೇ ಇಲ್ಲ. ಇಲ್ಲದಿರುವುದೂ ಒಂದು ಗುರುತೇ.

ಸ್ಲೈಡ್ ಮಾಡುವ ವಿಧಾನ ನೋಡಿದರೆ ಇಷ್ಟೇನಾ ಅನಿಸುತ್ತದೆ. ಬೆನ್ನಿನ ಚರ್ಮದಿಂದ ಎರಡು ಮೂರು ಮಿಲಿಮೀಟರ್ ತುಂಡು ಕತ್ತರಿಸಿ ಗಾಜಿನ ಮೇಲಿಡಬೇಕು. ಮೇಲೆ ಒಂದೆರಡು ಹನಿ ಬ್ಲೀಚ್. ಬಟ್ಟೆಗೆ ಹಾಕುವಂಥದ್ದೇ, ಸೋಡಿಯಂ ಹೈಪೋಕ್ಲೋರೈಟ್. ಸಣ್ಣ ಗುಳ್ಳೆ ಏಳುತ್ತವೆ, ಮಾಂಸ ಕರಗುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಗಾಜಿನ ಮೇಲೆ ಉಳಿಯುವುದು ಬೂದಿಯಷ್ಟು ನುಣ್ಣನೆ ಬಿಳಿ ಪುಡಿ. ಈಗ ಪಿಪೆಟ್ಟಿನಲ್ಲಿ ಬ್ಲೀಚ್ ಎಳೆದು ತೆಗೆದು, ಡಿಸ್ಟಿಲ್ಡ್ ವಾಟರ್ ಹಾಕಿ, ಮತ್ತೆ ಎಳೆದು, ಮತ್ತೆ ಹಾಕಿ ತೊಳೆಯಬೇಕು. ತಾಳ್ಮೆ ಬೇಕಾಗುವುದು ಈ ಹಂತಕ್ಕೆ. ಬ್ಲೀಚ್ ಉಳಿದರೆ ಒಣಗಿದ ಮೇಲೆ ಉಪ್ಪಿನ ಹರಳು ಕಟ್ಟುತ್ತವೆ. ಯಾವುದು ಹರಳು, ಯಾವುದು ಪ್ರಾಣಿಯದ್ದು ಅಂತ ಒದ್ದಾಡಬೇಕಾಗುತ್ತದೆ. ಜೋರಾಗಿ ಎಳೆದರೆ ಪುಡಿಯೂ ನೀರಿನ ಜೊತೆ ಪಿಪೆಟ್ ಸೇರುತ್ತದೆ. ಕೊನೆಗೆ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿದರೆ ಸ್ಲೈಡ್ ಸಿದ್ಧ.

ಇದು ಬೆನ್ನಿನದ್ದು ಮಾತ್ರ. ಹೊಟ್ಟೆಯ ಚರ್ಮಕ್ಕೆ ಬೇರೆ ಸ್ಲೈಡ್, ಕಾಲಿಗೆ ಬೇರೆ, ಬಾಯಿ ಸುತ್ತಲಿನ ಗ್ರಹಣಾಂಗಕ್ಕೆ ಬೇರೆ. ಒಂದೇ ಪ್ರಾಣಿಯಲ್ಲಿ ಜಾಗದಿಂದ ಜಾಗಕ್ಕೆ ಕಣದ ಆಕಾರ ಬದಲಾಗುತ್ತದೆ. ಮರಿಗೂ ದೊಡ್ಡದಕ್ಕೂ ವ್ಯತ್ಯಾಸ ಇರುತ್ತದೆ. ಒಂದೇ ಮಾದರಿ ನೋಡಿ ಹೊಸ ಪ್ರಭೇದ ಅಂತ ಘೋಷಿಸಿದವರು ಆಮೇಲೆ ಸಿಕ್ಕಿಹಾಕಿಕೊಂಡ ಉದಾಹರಣೆ ಹಳೇ ಪ್ರಾಣಿಶಾಸ್ತ್ರದಲ್ಲಿ ಬೇಕಾದಷ್ಟಿವೆ. ಸಾಧ್ಯವಿದ್ದರೆ ನಾಲ್ಕಾರು ಪ್ರಾಣಿ ನೋಡಬೇಕು. ಜೊತೆಗೆ ಗ್ರಹಣಾಂಗ ಎಷ್ಟು, ಕಾಲು ಎಷ್ಟು ಜೊತೆ, ಬೆನ್ನಿನ ಮೇಲಿನ ಮೊನೆಗಳು ಎಲ್ಲೆಲ್ಲಿ, ಗಂಟಲ ಸುತ್ತಲಿನ ಸುಣ್ಣದ ಬಳೆ ಹೇಗಿದೆ, ಎಲ್ಲ ಬರೆಯಬೇಕು.

ಮಾದರಿ ಆ ಸ್ಥಿತಿಯಲ್ಲಿ ಮೇಲೆ ಬಂದರೆ ತಾನೆ! ಸೀ ಪಿಗ್, ಸೈಕ್ರೋಪೋಟಿಸ್ ಎಲ್ಲ ಸೇರುವ ಎಲಾಸಿಪೋಡಿಡ ಗಣದ ಸೌತೆಗಳು ಎಳನೀರಿನ ತೆಳು ಗಂಜಿಯಷ್ಟು ಮೆತ್ತಗಿರುತ್ತವೆ. ಬಲೆ ಎಳೆದು ತಂದರೆ ಕಲ್ಲು ಕೆಸರಿನ ಜೊತೆ ಉಜ್ಜಿ ಚರ್ಮ ಕಿತ್ತು ಹೋಗುತ್ತದೆ. ಚರ್ಮ ಹೋಯಿತು ಅಂದರೆ ಆಸಿಕಲ್ಲೂ ಹೋಯಿತು. ಒತ್ತಡದ ಬದಲಾವಣೆಗಿಂತ ಬಿಸಿಯೇ ಇವಕ್ಕೆ ಹೆಚ್ಚು ಅಪಾಯ. ಎರಡು ಮೂರು ಡಿಗ್ರಿ ಚಳಿಯಲ್ಲಿದ್ದ ಪ್ರಾಣಿ ಉಷ್ಣವಲಯದ ಬೆಚ್ಚಗಿನ ಮೇಲ್ನೀರು ದಾಟಿ ಡೆಕ್ ತಲುಪುವಷ್ಟರಲ್ಲಿ ಕರಗಲು ಶುರುವಾಗಿರುತ್ತದೆ. ಈಗ ರಿಮೋಟಿನಲ್ಲಿ ಓಡಿಸುವ ವಾಹನಗಳು ಪ್ರಾಣಿಯನ್ನು ಅಲ್ಲೇ ಫೋಟೋ ತೆಗೆದು, ಮೆಲ್ಲಗೆ ಹೀರಿಕೊಂಡು, ಮುಚ್ಚಿದ ಪೆಟ್ಟಿಗೆಯಲ್ಲಿ ತಳದ ತಣ್ಣನೆ ನೀರಿನ ಜೊತೆಗೇ ತರುತ್ತವೆ. ಬಣ್ಣ ಬರೆದುಕೊಳ್ಳಬೇಕಾದದ್ದು ಆಗಲೇ. ಸ್ಪಿರಿಟ್ಟಿಗೆ ಬಿದ್ದ ಮೇಲೆ ನೇರಳೆಯೂ ಗುಲಾಬಿಯೂ ಬೆಳ್ಳಗಾಗಿಬಿಡುತ್ತವೆ.

ಮುಂದಿನ ತೀರ್ಮಾನ ಕೆಲವೇ ನಿಮಿಷದ್ದು, ಪರಿಣಾಮ ನೂರು ವರ್ಷದ್ದು. ಫಾರ್ಮಲಿನ್ ಹಾಕಿದರೆ ಆಕಾರ ಚೆನ್ನಾಗಿ ಉಳಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ಆಲ್ಕೋಹಾಲ್ ಹಾಕಿದರೆ ಡಿಎನ್‌ಎ ಉಳಿಯುತ್ತದೆ, ಪ್ರಾಣಿ ಸುರುಟಿಕೊಳ್ಳುತ್ತದೆ. ಆದ್ದರಿಂದ ಮೊದಲು ಒಂದು ಚೂರು ಮಾಂಸ ಕತ್ತರಿಸಿ ಆಲ್ಕೋಹಾಲಿನಲ್ಲಿಟ್ಟು, ಆಮೇಲೆ ಉಳಿದದ್ದಕ್ಕೆ ಏನು ಮಾಡಬೇಕು ಅಂತ ಯೋಚಿಸುತ್ತಾರೆ. ಫಾರ್ಮಲಿನ್‌ಗೆ ಬೋರಾಕ್ಸ್‌ನಂಥದ್ದು ಬೆರೆಸದಿದ್ದರೆ ಅದು ಬರಬರುತ್ತಾ ಹುಳಿಯಾಗಿ ಸುಣ್ಣವನ್ನೇ ತಿಂದುಹಾಕುತ್ತದೆ. ನಮ್ಮ ಕಾಲೇಜುಗಳ ಹಳೇ ಸ್ಪಾಟರ್ ಬಾಟಲಿಗಳಲ್ಲಿ ಎಷ್ಟೋ ಕಡೆ ಇದೇ ಆಗಿರಬೇಕು. ಪ್ರಾಣಿ ಇದೆ, ಅದರ ಗುರುತು ಕರಗಿದೆ.

ಇಷ್ಟೆಲ್ಲ ಆದ ಮೇಲೆ ಹೋಲಿಕೆ. ಹೊಸದು ಅನ್ನಬೇಕಾದರೆ ಹಳೆಯದು ಯಾವುದೂ ಅಲ್ಲ ಅಂತ ತೋರಿಸಬೇಕು. ಹಳೆಯದು ಅಂದರೆ ಟೈಪ್ ಮಾದರಿ, ಆ ಹೆಸರಿಗೆ ಅಧಿಕೃತ ಸಾಕ್ಷಿಯಾಗಿ ಇಟ್ಟ ಪ್ರಾಣಿ. ಇವು ಲಂಡನ್, ಕೋಪನ್‌ಹೇಗನ್, ಪ್ಯಾರಿಸ್, ಮಾಸ್ಕೋದಲ್ಲಿ ಹಂಚಿಹೋಗಿವೆ. ನಮ್ಮಲ್ಲೂ ಪರಂಪರೆ ಇಲ್ಲದಿಲ್ಲ. ರಾಯಲ್ ಇಂಡಿಯನ್ ಮರೈನ್‌ನ 'ಇನ್ವೆಸ್ಟಿಗೇಟರ್' ಹಡಗು ಹಿಂದೂ ಮಹಾಸಾಗರದಲ್ಲಿ ಹಿಡಿದ ಆಳಗಡಲ ಸೌತೆಗಳ ಮೇಲೆ ಕೆಲರ್ ಮತ್ತು ವಾನೇ ಎಂಬ ಫ್ರೆಂಚ್ ವಿದ್ವಾಂಸರು ಬರೆದ ಸಂಪುಟ 1905ರಲ್ಲಿ ಕಲ್ಕತ್ತದಿಂದಲೇ ಹೊರಬಂತು. ನಮ್ಮ ಕಡಲಿನ ಆಳಗಡಲ ಸೌತೆ ಗುರುತಿಸಲು ಕೂತವರು ಇವತ್ತಿಗೂ ಆ ಫ್ರೆಂಚ್ ಪುಟಗಳನ್ನು ತಿರುವಲೇಬೇಕು. ನೂರಿಪ್ಪತ್ತು ವರ್ಷ ಹಳೇ ಪುಸ್ತಕ ಇನ್ನೂ ಕೆಲಸಕ್ಕೆ ಬರುತ್ತದೆ ಅನ್ನುವುದು ಆ ಪುಸ್ತಕಕ್ಕೆ ಹೆಮ್ಮೆ. ಅದಾದ ಮೇಲೆ ನಾವು ಎಷ್ಟು ಮಾಡಿದೆವು ಅನ್ನುವುದು ಬೇರೆ ಮಾತು.

ಡಿಎನ್‌ಎ ಇದೆಯಲ್ಲ, ಮೈಕ್ರೋಸ್ಕೋಪ್ ಯಾಕೆ ಅನ್ನುವವರಿದ್ದಾರೆ. ಡಿಎನ್‌ಎ ಎರಡು ಪ್ರಾಣಿ ಬೇರೆ ಬೇರೆ ಅಂತ ಹೇಳುತ್ತದೆ. ಅವುಗಳಲ್ಲಿ ಥೀಲ್ 1882ರಲ್ಲಿ ಇಟ್ಟಂಥ ಹಳೇ ಹೆಸರು ಯಾವುದಕ್ಕೆ ಸೇರಬೇಕು ಅಂತ ಹೇಳುವುದಿಲ್ಲ. ಹಳೇ ಟೈಪ್ ಮಾದರಿಗಳಿಂದ ಡಿಎನ್‌ಎ ತೆಗೆಯುವುದು ಬಹಳ ಕಷ್ಟ, ಅಲ್ಲಿ ಚರ್ಮದ ಕಣವೇ ಗತಿ. ಡೇಟಾಬೇಸಿನಲ್ಲಿ ತಪ್ಪು ಹೆಸರಿನಲ್ಲಿ ಕೂತ ಡಿಎನ್‌ಎ ಇದ್ದರೆ ಆ ತಪ್ಪು ಅಂಟುಜಾಡ್ಯದ ಹಾಗೆ ಹರಡುತ್ತದೆ.

ಈಗ ಗಣಿಯ ಹೂಳಿಗೆ ಬರೋಣ. ಹೂಳು ಅಂದರೆ ಏನು ಅಂತ ಭದ್ರಾ ತೀರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುದುರೆಮುಖದಲ್ಲಿ ಅದಿರು ತೆಗೆಯುತ್ತಿದ್ದಾಗ ಮಳೆಗಾಲದಲ್ಲಿ ಹೊಳೆ ಕೆಂಪಗೆ ಹರಿಯುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಹೂಳು ಇನ್ನೂ ಅಲ್ಲೇ ಇದೆ. ಕಡಲ ತಳದಲ್ಲಿ ಹೂಳು ಎರಡು ಕಡೆಯಿಂದ ಏಳುತ್ತದೆ. ಯಂತ್ರ ಕೆಸರು ಕೆದಕಿದಾಗ ಒಂದು, ಹಡಗಿನಲ್ಲಿ ಗಂಟು ತೊಳೆದ ನೀರನ್ನು ವಾಪಸ್ ಬಿಟ್ಟಾಗ ಇನ್ನೊಂದು. ಮೇಲ್ಪದರದ ತೆಳು ಆಹಾರ ನಂಬಿದ ಕಡಲ ಸೌತೆಗೆ ಅದರ ಮೇಲೆ ಸಾರವಿಲ್ಲದ ಮಣ್ಣು ಕೂತರೆ ಹೊಟ್ಟೆಗೆ ಕಲ್ಲು ಬಿದ್ದ ಹಾಗೆ. ಹೊಳೆ ಕೆಂಪಾದರೆ ಊರಿನವರು ನೋಡಿದರು, ಚಳವಳಿ ಮಾಡಿದರು, ಕೋರ್ಟಿಗೆ ಹೋದರು. ಐದು ಸಾವಿರ ಮೀಟರ್ ಕೆಳಗೆ ನೋಡುವವರು ಯಾರು? ಅಲ್ಲಿನ ಸಾಕ್ಷಿ ಅಂದರೆ ಪ್ರಾಣಿಗಳ ಪಟ್ಟಿ ಒಂದೇ.

ಎಲ್ಲವೂ ನಾಶ ಅಂತಲೂ ಹೇಳಲಾಗದು. 1989ರಲ್ಲಿ ಜರ್ಮನಿಯವರು ಪೆರು ದೇಶದ ಆಚೆ ಸುಮಾರು 11 ಚದರ ಕಿಲೋಮೀಟರ್ ಸಾಗರತಳವನ್ನು ಬೇಕೆಂದೇ ಉತ್ತರು, ಆಮೇಲೆ ಏನಾಗುತ್ತದೆ ನೋಡೋಣ ಅಂತ. 26 ವರ್ಷ ಆದಮೇಲೆ ಹೋದಾಗ ನೇಗಿಲ ಗೆರೆಗಳು ಹಾಗೇ ಇದ್ದವು. ಕಡಲ ಸೌತೆಗಳ ಸಂಖ್ಯೆ ಮಾತ್ರ ಹೆಚ್ಚೂಕಮ್ಮಿ ಸುತ್ತಲಿನ ಮಟ್ಟಕ್ಕೆ ಬಂದಿತ್ತು. ಗಣಿ ಪರ ಇರುವವರು ಇದನ್ನು ಎತ್ತಿ ತೋರಿಸಿದರೆ ತಪ್ಪಿಲ್ಲ. ಆದರೆ ಅಲ್ಲಿ ಗಂಟುಗಳನ್ನು ಹೂಳಿದ್ದರು, ಹೊತ್ತೊಯ್ದಿರಲಿಲ್ಲ. ಮತ್ತೆ, ಎಣಿಕೆ ಆಗಿದ್ದು ಫೋಟೋದಿಂದ. ಒಂದೇ ಥರ ಕಾಣುವ ಎರಡು ಪ್ರಭೇದದಲ್ಲಿ ಒಂದು ಹೋಗಿ ಇನ್ನೊಂದು ಆ ಜಾಗ ತುಂಬಿದರೆ ಫೋಟೋ ಅದನ್ನು ಹೇಳುವುದಿಲ್ಲ.

ಸಂಖ್ಯೆ ತಾನಾಗೇ ಏರಿಳಿಯುವುದೂ ಉಂಟು. ಈಶಾನ್ಯ ಅಟ್ಲಾಂಟಿಕ್‌ನ ಪೋರ್ಕ್ಯುಪೈನ್ ಬಯಲಿನಲ್ಲಿ ಅಂಪೆರಿಮಾ ರೋಸಿಯಾ ಅನ್ನುವ ಪುಟ್ಟ ಸೌತೆ ಮೊದಲು ಅಪರೂಪವಾಗಿತ್ತು. 1996ರ ಹೊತ್ತಿಗೆ ಇದ್ದಕ್ಕಿದ್ದಂತೆ ನೂರಾರು ಪಟ್ಟು ಹೆಚ್ಚಿತು. ಅಲ್ಲಿ ಯಾರೂ ಗಣಿ ಮಾಡಿರಲಿಲ್ಲ. ಎರಡು ಮೂರು ಸಲ ಹಡಗು ಕಳಿಸಿ 'ಮೊದಲು ಇಷ್ಟಿತ್ತು' ಅಂತ ಬರೆದರೆ ಆ ಲೆಕ್ಕ ಎಷ್ಟು ನಂಬಬೇಕು?

ಇನ್ನು ಜನರ ವಿಷಯ. ಹೊಸ ಪ್ರಾಣಿ ಮೊದಲ ಸಲ ಕೈಗೆ ಸಿಕ್ಕಿದ್ದಕ್ಕೂ ಅದಕ್ಕೆ ಹೆಸರು ಬರುವುದಕ್ಕೂ ನಡುವೆ ಸರಾಸರಿ 21 ವರ್ಷ ಹಿಡಿಯುತ್ತದೆ ಅಂತ 2012ರ ಒಂದು ಅಧ್ಯಯನ ಹೇಳಿತ್ತು. ಕಣ್ಣೆದುರಿನ ಪ್ರಾಣಿಗೂ ಕಾಯಬೇಕಾಗುತ್ತದೆ. ಜೋಗದಿಂದ ಹೊನ್ನಾವರದ ಕಡೆ ಇಳಿಯುವಾಗ ಸಿಗುವ ಕತ್ತಲೆಕಾನಿನಲ್ಲಿ ಒಂದು ಕಪ್ಪೆ ಇದೆ. ಗಂಡು ಕಪ್ಪೆ ಮುಂಗಾಲಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಈ ಕುಂಬಾರ ಕಪ್ಪೆಗೆ ವೈಜ್ಞಾನಿಕ ಹೆಸರು ಬಂದದ್ದು 2014ರಲ್ಲಿ, ಕೆ.ವಿ. ಗುರುರಾಜ ಮತ್ತು ಸಂಗಡಿಗರಿಂದ. ಅದು ಪ್ರಕಟವಾದ 'ಝೂಟ್ಯಾಕ್ಸ' ಪತ್ರಿಕೆಯನ್ನೇ 2020ರಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ (ಒಂದು ಪತ್ರಿಕೆಯ ಲೇಖನಗಳನ್ನು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಅಂಕಿ) ಪಟ್ಟಿಯಿಂದ ಕೈಬಿಟ್ಟಿದ್ದರು. ತನ್ನದೇ ಲೇಖನಗಳನ್ನು ಜಾಸ್ತಿ ಉಲ್ಲೇಖಿಸುತ್ತದೆ ಅನ್ನುವುದು ಕಾರಣ. ಲೋಕದ ವರ್ಗೀಕರಣ ತಜ್ಞರೆಲ್ಲ ಗಲಾಟೆ ಮಾಡಿದ ಮೇಲೆ ವಾಪಸ್ ಸೇರಿಸಿದರು. ಹೊಸ ಪ್ರಭೇದ ವಿವರಿಸುವವರು ಹಳೇ ವಿವರಣೆಗಳನ್ನು ಉಲ್ಲೇಖಿಸದೆ ಇನ್ನೇನು ಮಾಡಬೇಕು? ನೇಮಕಾತಿ, ಬಡ್ತಿ ಎಲ್ಲ ಇಂಥ ಅಂಕಿಯ ಮೇಲೆ ನಿಂತಿರುವಾಗ ಬುದ್ಧಿವಂತ ಹುಡುಗ ಹುಡುಗಿಯರು ಈ ಕಡೆ ಸುಳಿಯದಿದ್ದರೆ ಅವರನ್ನು ಬೈಯುವಂತಿಲ್ಲ.

ಆಳಸಾಗರ ಮಿಷನ್ನಿನ ಆರು ಭಾಗಗಳಲ್ಲಿ ಆಳಗಡಲ ಜೀವವೈವಿಧ್ಯವೂ ಒಂದು. ಕೊಚ್ಚಿಯ ಸಾಗರ ಜೀವಸಂಪನ್ಮೂಲ ಕೇಂದ್ರ, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ, ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಇವೆ. ಹಡಗು ಹತ್ತುವವರು ಕೆಲವರೇ ಸಾಕು. ಸ್ಲೈಡ್ ಮಾಡಿ, ಚಿತ್ರ ಬರೆದು, ಹಳೇ ಪುಸ್ತಕದ ಜೊತೆ ಹೋಲಿಸಲು ಬಹಳ ಜನ ಬೇಕು. ಅದಕ್ಕೆ ಕಡಲ ದಡದಲ್ಲೇ ಇರಬೇಕೆಂದಿಲ್ಲ. ಒಳ್ಳೆಯ ಮೈಕ್ರೋಸ್ಕೋಪ್, ತಿಂಗಳು ತಿಂಗಳು ಬರುವ ಸಂಬಳ, ಕಲಿಸುವ ಒಬ್ಬರು ಇದ್ದರೆ ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟದಲ್ಲಿ ಕೂತೂ ಮಾಡಬಹುದು. ಕಡಲ ಸೌತೆಗಳನ್ನು 2001ರಲ್ಲೇ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿಗೆ ಸೇರಿಸಿದ್ದರಿಂದ ಕಾಗದಪತ್ರ ಸರಿ ಇರಬೇಕು, ಅಷ್ಟೇ. ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಭಂಡಾರದಲ್ಲಿ ಇಡಬೇಕು ಅಂತ 2002ರ ಜೀವವೈವಿಧ್ಯ ಕಾಯ್ದೆ ಆಗಲೇ ಹೇಳಿದೆ.

ಗಣಿ ಬೇಕೋ ಬೇಡವೋ ಅನ್ನುವ ಜಗಳ ಇನ್ನೂ ಬಹಳ ದಿನ ನಡೆಯುತ್ತದೆ. ಅಷ್ಟರೊಳಗೆ ಮಾಡಬಹುದಾದ ಒಂದು ಕೆಲಸವಿದೆ. ಪರಿಸರ ವರದಿಯ ಪ್ರಾಣಿ ಪಟ್ಟಿಗೆ ಮೂರು ಕಾಲಂ ಸೇರಿಸಲಿ. ಗುರುತಿಸಿದ್ದು ಫೋಟೋದಿಂದಲೋ ಮಾದರಿಯಿಂದಲೋ. ಆ ಮಾದರಿ ಈಗ ಯಾವ ಮ್ಯೂಸಿಯಂನಲ್ಲಿ ಯಾವ ನಂಬರಿನ ಬಾಟಲಿಯಲ್ಲಿದೆ. ಆಸಿಕಲ್ ಸ್ಲೈಡ್ ನೋಡಿದವರು ಯಾರು. ಈ ಕಾಲಂಗಳು ಖಾಲಿ ಇರುವ ಸಾಲುಗಳನ್ನು ಎಣಿಸಿದರೆ, ಆ ವರದಿಯನ್ನು ಎಷ್ಟು ನಂಬಬಹುದು ಅಂತ ಪ್ರಾಣಿಶಾಸ್ತ್ರ ಓದದವರಿಗೂ ಗೊತ್ತಾಗುತ್ತದೆ.